ಆರ್ಡಿಸ್ ತಾನೇ ತುಂಬಿಕೊಂಡ ತೋಟಾ

ಕೋವಿಮದ್ದು ಪೌಂಡಿಗೆ ಐವತ್ನಾಲ್ಕು ಡಾಲರು. ಕೇಪು ನೂರಕ್ಕೆ ಹನ್ನೊಂದು. ಗುಂಡು ನೂರಕ್ಕೆ ಐವತ್ತೆಂಟು. ಹದಿನಾಲ್ಕು ವರ್ಷದ ಹಿಂದೆ ಇದೇ ಮದ್ದಿಗೆ ಇಪ್ಪತ್ತೆರಡು ಕೊಟ್ಟಿದ್ದ ಎಮೆಟ್ ಸ್ಟ್ರಾಂಡ್, ಗ್ರೇಟ್ ಫಾಲ್ಸ್‌ನ ಅಂಗಡಿಯಲ್ಲಿ ನಿಂತು ಬೆಲೆಚೀಟಿಯನ್ನು ಎರಡು ಸಲ ಓದಿದ. ತುಂಬಿದ ತೋಟಾ ಸಿಕ್ಕಿದ್ದರೆ ಪೆಟ್ಟಿಗೆಗೆ ನೂರು ಕೇಳಿದರೂ ಕೊಟ್ಟು ಬರುತ್ತಿದ್ದ. ಆದರೆ ಅಪ್ಪನ ಕಾಲದ ರಾಬರ್ಟ್ಸ್ ರೈಫಲಿನ ತೋಟಾ ಎರಡು ವರ್ಷದಿಂದ ಯಾವ ಅಂಗಡಿಗೂ ಬಂದಿರಲಿಲ್ಲ.

"ಮತ್ತೆ ತುಂಬೋಕೆ ಶುರು ಮಾಡಿದ್ಯಾ?" ಎಂದ ಅಂಗಡಿಯವನು.

"ಇಪ್ಪತ್ತೇ ಇಪ್ಪತ್ತು. ತಂಗಿಗೆ."

ಅಂಗಡಿಯವನು ಡಬ್ಬಿಗಳನ್ನು ಚೀಲಕ್ಕೆ ಹಾಕಿದ. ಎಮೆಟ್‌ನ ತಂಗಿಗೆ ಏನಾಗಿತ್ತೆಂದು ಆ ಕಡೆಯವರಿಗೆಲ್ಲ ಗೊತ್ತು.

ಆರ್ಡಿಸ್‌ಗೆ ಅರವತ್ತೊಂದು ವರ್ಷ. ಸನ್ ನದಿಯ ಮೇಲಿನ ಬಂಡೆಗಳಲ್ಲಿ ಕಾಡುಟಗರು ಹೊಡೆಯಲು ಪರವಾನಗಿ ಬೇಕೆಂದು ಮೂವತ್ತೊಂದು ವರ್ಷ ಅರ್ಜಿ ಹಾಕಿದ್ದಳು. ವರ್ಷಕ್ಕೊಮ್ಮೆ ಲಾಟರಿ ಎತ್ತಿ ಕೊಡುವ ಪರವಾನಗಿ ಅದು, ಕೆಲವರಿಗೆ ಸಾಯುವವರೆಗೂ ಚೀಟಿ ಎದ್ದು ಬರುವುದಿಲ್ಲ. ಅವಳದು ಈ ವರ್ಷ ಬಂದಿತ್ತು. ಬಂದ ದಿನವೇ ಅಣ್ಣನಿಗೆ ಫೋನ್ ಮಾಡಿದ್ದಳು.

"ಅಪ್ಪನ ಕೋವಿ ತಗೊಂಡು ಹೋಗ್ತೀನಿ. ತೋಟಾ ನೀನು ತುಂಬಿಕೊಡು. ಸಾಮಾನು ಹೊರೋಕೆ ಹೇಸರಗತ್ತೆ ಹಿಡ್ಕೊಂಡು ಜೊತೆಗೂ ಬಾ."

"ಮಿಸೂಲಾದಲ್ಲಿ ಒಬ್ಬ ದುಡ್ಡಿಗೆ ತುಂಬಿಕೊಡ್ತಾನಂತೆ."

"ಗುರುತಿಲ್ಲದವನು ತುಂಬಿದ್ದನ್ನ ಹಾರಿಸಬಾರದು ಅಂತ ನಮಗೆ ಹೇಳಿಕೊಟ್ಟೋನು ಯಾರು, ನೀನೇ ತಾನೆ?"

"ನಾನು ತುಂಬಿದ್ದನ್ನ ಹಾರಿಸಿ ಏನಾಯ್ತು ಅಂತ ಮರೆತುಬಿಟ್ಯಾ?"

"ದಿನಾ ಕನ್ನಡಿ ನೋಡ್ತೀನಲ್ಲೋ, ಹೆಂಗೆ ಮರೀಲಿ? ಅದು ನಳಿಗೆಯ ತಪ್ಪು, ನಿನ್ನದಲ್ಲ. ಹದಿನಾಲ್ಕು ವರ್ಷ ಗೋಳಾಡಿದ್ದು ಸಾಕು."

ಅವತ್ತು ಎಮೆಟ್ ತುಂಬಿಕೊಟ್ಟ ತೋಟಾದ ಮೊದಲ ಈಡಿಗೇ ಅವಳ ರೈಫಲು ಸಿಡಿದು ಬಲಗಣ್ಣು ಹೋಗಿತ್ತು. ಆ ಬೇಸಿಗೆಯಲ್ಲಷ್ಟೇ ಸೆವೆರಿನ್ ಎಂಬ ಕೋವಿ ಕೆಲಸದವನು ಅದಕ್ಕೆ ಹೊಸ ನಳಿಗೆ ಕೂರಿಸಿಕೊಟ್ಟಿದ್ದ. ಆಸ್ಪತ್ರೆಯ ಮೊಗಸಾಲೆಯಲ್ಲಿ ಯಾರೋ ಕೇಳಿದಾಗ ಎಮೆಟ್ ಅಂದದ್ದು ಒಂದೇ ಮಾತು: "ನಳಿಗೆ ಸರಿಯಾಗಿ ಕೂತಿರಲಿಲ್ಲವೇನೋ." ಉಳಿದದ್ದನ್ನು ಊರು ಮಾಡಿತು. ಸೆವೆರಿನ್‌ನ ಅಂಗಡಿಗೆ ಬರುವವರು ಕಡಿಮೆಯಾದರು, ಮೂರನೆಯ ವರ್ಷ ಅವನು ಬಾಗಿಲು ಹಾಕಿದ, ಆರನೆಯ ವರ್ಷ ತೀರಿಕೊಂಡ. ಆರ್ಡಿಸ್ ಮಣ್ಣಿಗೂ ಹೋಗಲಿಲ್ಲ.

ಮನೆಗೆ ಬಂದ ಎಮೆಟ್ ಗ್ಯಾರೇಜಿನ ಮೂಲೆಯ ಮೇಜಿನ ಮೇಲಿಂದ ಟಾರ್ಪಾಲು ಎಳೆದ. ಚಿಪ್ಪಿಗೆ ಗುಂಡು ಒತ್ತಿ ಕೂರಿಸುವ ಪ್ರೆಸ್ಸಿನ ಹಿಡಿಗೆ ತುಕ್ಕು ಹತ್ತಿತ್ತು. ತಕ್ಕಡಿ ಧೂಳು ಹಿಡಿದಿತ್ತು. ಮದ್ದು ಅಳೆದು ಹಾಕುವ ಯಂತ್ರದ ಪ್ಲಾಸ್ಟಿಕ್ ಕೊಳವೆ ಕಂದು ಬಣ್ಣಕ್ಕೆ ತಿರುಗಿತ್ತು, ತಳದಲ್ಲಿ ಬೆರಳಗಲ ಮದ್ದು ಹಾಗೇ ಇತ್ತು. ಎಮೆಟ್ ಕನ್ನಡಕ ಏರಿಸಿಕೊಳ್ಳಲಿಲ್ಲ. ಅಲ್ಲಿ ಏನಿದೆಯೆಂದು ಅವನಿಗೆ ಗೊತ್ತಿತ್ತು.

ಈ ಕೆಲಸಕ್ಕೆ ಕೂರುವವರೆಲ್ಲ ಮೊದಲು ಕಲಿಯುವುದು ಒಂದೇ ನಿಯಮ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ. ಎದ್ದು ಹೋಗುವ ಮುಂಚೆ ಕೊಳವೆಯಲ್ಲಿ ಉಳಿದದ್ದು ಅದೇ ಡಬ್ಬಿಗೆ ವಾಪಸು. ಪಿಸ್ತೂಲಿನ ಮದ್ದು ಭಗ್ಗನೆ ಉರಿಯುವಂಥದ್ದು, ರೈಫಲಿನದು ತಡೆದು ಉರಿಯುವಂಥದ್ದು; ಪಿಸ್ತೂಲಿನದು ರೈಫಲಿನ ತೋಟಾಕ್ಕೆ ಹೋದರೆ ನಳಿಗೆ ಸಿಡಿಯುತ್ತದೆ. ಅವತ್ತು ಪಿಸ್ತೂಲಿನ ತೋಟಾ ತುಂಬುತ್ತಿದ್ದಾಗ ಕರು ಹಾಕಲಾರದೆ ಒಂದು ಹಸು ಒದ್ದಾಡುತ್ತಿದೆಯೆಂದು ಕರೆ ಬಂತು. ಡಬ್ಬಿಯನ್ನು ಕಪಾಟಿಗೆ ಸೇರಿಸಿ ಓಡಿದ, ಕೊಳವೆಯನ್ನು ಮರೆತ. ವಾರದ ಮೇಲೆ ಬಂದು ಅದರ ಮೇಲೆಯೇ ರೈಫಲಿನ ಮದ್ದು ಸುರಿದ. ಮೊದಲು ಇಳಿದದ್ದು ತಳದ್ದು.

ಆಸ್ಪತ್ರೆಯಿಂದ ಬಂದ ಸಂಜೆ ಅವನು ಕೊಳವೆ ನೋಡಿದ್ದ. ರೈಫಲಿನ ಮದ್ದಿನ ಕಡ್ಡಿಯಂಥ ಕಾಳುಗಳ ನಡುವೆ ಪಿಸ್ತೂಲಿನ ಮದ್ದಿನ ಚಪ್ಪಟೆ ಬಿಲ್ಲೆಗಳು. ಚೆಲ್ಲಿಬಿಟ್ಟಿದ್ದರೆ ಸುಳ್ಳು ಪೂರ್ತಿಯಾಗುತ್ತಿತ್ತು, ಅಷ್ಟು ಎದೆಗಾರಿಕೆಯೂ ಅವನಿಗೆ ಇರಲಿಲ್ಲ. ಟಾರ್ಪಾಲು ಹೊದಿಸಿದ.

ಈಗ ಅದನ್ನು ತೊಳೆದು, ಹೊಸ ಮದ್ದು ಹಾಕಿ, ಇಪ್ಪತ್ತು ತೋಟಾ ತುಂಬಿ ಕೊಡಬಹುದಾಗಿತ್ತು. ಮೈಮರೆಯದೆ ತುಂಬುತ್ತೇನೆಂಬ ಧೈರ್ಯ ಅವನಿಗಿತ್ತು. ಆದರೆ ಅವಳು ಆ ಕೋವಿಗೆ ಉಳಿದ ಒಂದು ಕಣ್ಣಿನ ಕಡೆಯ ಕೆನ್ನೆಯನ್ನು ಒತ್ತುವುದು ಇವನ ಸುಳ್ಳನ್ನು ನಂಬಿ. ಎಮೆಟ್ ಫೋನ್ ತೆಗೆದು, "ಬಾ, ಒಂದು ತೋರಿಸೋದಿದೆ," ಎಂದ.

ಆರ್ಡಿಸ್ ಬಂದವಳೇ, "ಏನೋ, ಇನ್ನೂ ಒಂದೂ ತುಂಬಿಲ್ವಾ? ಟಗರು ಮುದಿಯಾಗಿ ಸಾಯುತ್ತೆ," ಎಂದಳು.

ಎಮೆಟ್ ಕೊಳವೆ ಬಿಚ್ಚಿ ಒಂದು ಬಿಳಿ ತಟ್ಟೆಗೆ ಸುರಿದ. ಅವಳು ಎಡಗಣ್ಣನ್ನು ಹತ್ತಿರ ತಂದು ನೋಡಿದಳು. ಬೆರಳ ತುದಿಯಿಂದ ಕಡ್ಡಿಗಳನ್ನು ಈ ಕಡೆ, ಬಿಲ್ಲೆಗಳನ್ನು ಆ ಕಡೆ ಸರಿಸಿದಳು.

"ಇದು ಯಾವತ್ತಿಂದು?"

"ಅವತ್ತಿಂದು."

"ನಿಂಗೆ ಯಾವಾಗ ಗೊತ್ತಾಯ್ತು?"

"ಅವತ್ತೇ."

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಬೆರಳು ಒರೆಸಿಕೊಂಡು, "ಕಣ್ಣು ಹೋಯ್ತು, ಅದು ಮರೆವಿಂದ ಆಗಿದ್ದು. ನಂಗೂ ಮರೆವಿದೆ. ಆದ್ರೆ ಸೆವೆರಿನ್ ಅಂಗಡೀಲಿ ಕೈ ಚಾಚಿದಾಗ ನಾನು ಮುಖ ತಿರುಗಿಸಿ ಬಂದಿದ್ದೆ ಕಣೋ," ಎಂದಳು. "ತಟ್ಟೆ ತಗೋ. ನಡಿ."

ಸೆವೆರಿನ್‌ನ ಹೆಂಡತಿ ಮಾರ್ಗಿಟ್ ಅಡುಗೆಮನೆಯ ಮೇಜಿನ ಮೇಲೆ ತಟ್ಟೆ ಇಡಿಸಿಕೊಂಡು, ಎಮೆಟ್ ಹೇಳುವುದನ್ನೆಲ್ಲ ಕೇಳಿದಳು. ಕಾಫಿ ಕೊಡಲಿಲ್ಲ.

"ನೀವು ವಾಪಸು ಕೊಟ್ಟ ಆ ಸಿಡಿದ ನಳಿಗೆ ಚೂರುಗಳನ್ನ ಸಾಯೋವರೆಗೂ ಭೂತಗನ್ನಡಿ ಹಿಡ್ಕೊಂಡು ನೋಡ್ತಿದ್ದ," ಎಂದಳು. "'ಉಕ್ಕೆಲ್ಲ ಸರಿಯಾಗಿದೆ ಮಾರ್ಗಿಟ್, ಆದ್ರೂ ನಾನೇ ಏನೋ ಕೆಡಿಸಿದ್ದೀನಿ, ಅದು ಏನು ಅಂತ ಕಾಣ್ತಿಲ್ಲ,' ಅಂತಿದ್ದ."

"ನನ್ನ ತಪ್ಪಾಯ್ತು," ಎಂದ ಎಮೆಟ್.

"ನಂಗೆ ಹೇಳಿ ಏನ್ ಬಂತು? ನಾನು ಯಾವತ್ತೂ ಅವನನ್ನ ಅನುಮಾನಿಸಿಲ್ಲ. ಶನಿವಾರ ಬೆಳಿಗ್ಗೆ ಕೆಫೆಗೆ ಎಲ್ಲಾ ಬರ್ತಾರಲ್ಲ, ಅಲ್ಲಿ ಹೇಳು."

ಶನಿವಾರ ಹೇಳಿದ. ನಿಂತು, ಟೋಪಿ ಕೈಯಲ್ಲಿ ಹಿಡಿದು ಹೇಳಿದ. ಹುರಿದ ಮೊಟ್ಟೆ ತಟ್ಟೆಗಳಲ್ಲಿ ಆರಿಹೋದವು. ಕೊನೆಗೆ ಒಬ್ಬ ಮುದುಕ, "ನಾನು ಸೆವೆರಿನ್‌ಗೆ ಕೊಡೋಕೆ ಅಂತ ಇಟ್ಟಿದ್ದ ಕೆಲಸ ಬೇರೆ ಊರಿಗೆ ಒಯ್ದೆ," ಎಂದು ಎದ್ದು ಹೋದ.

ಮರುದಿನ ಆರ್ಡಿಸ್ ಗ್ಯಾರೇಜಿಗೆ ಬಂದು ಎಮೆಟ್‌ನ ಸ್ಟೂಲಿನ ಮೇಲೆ ಕೂತಳು.

"ನಿನ್ನ ಕೈ ಮೇಜಿನ ಮೇಲೆ ಬರಕೂಡದು. ಬಾಯಲ್ಲಿ ಹೇಳು, ನಾನು ತುಂಬ್ತೀನಿ."

ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಎಮೆಟ್ ಹೇಳುತ್ತ ಹೋದ. ಅವಳು ಹಿತ್ತಾಳೆಯ ಚಿಪ್ಪುಗಳನ್ನು ಒಂದೊಂದಾಗಿ ಒರೆಸಿದಳು, ಕೇಪು ಕೂರಿಸಿದಳು. ಯಂತ್ರವನ್ನು ಮುಟ್ಟದೆ ಪ್ರತಿ ತೋಟಾದ ಮದ್ದನ್ನೂ ತಕ್ಕಡಿಯಲ್ಲೇ ತೂಗಿದಳು. ಒಂದು ಸಲ ಒಂಟಿಗಣ್ಣಿಗೆ ಅಂದಾಜು ತಪ್ಪಿ ಮದ್ದು ಚೆಲ್ಲಿತು. ಎಮೆಟ್ ಬ್ರಷ್ಷಿಗೆ ಕೈ ಚಾಚಿದ.

"ಕೈ!" ಎಂದಳು.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಇಪ್ಪತ್ತು ತೋಟಾಕ್ಕೆ ಐದು ತಾಸು ಹಿಡಿಯಿತು. ಹೊರಡುವಾಗ ಅವಳು, "ಹೇಸರಗತ್ತೆಗೆ ಪಕ್ಕದ ಮನೆ ಟಾರ್ವಾಲ್ಡ್‌ನ ಕರೆದಿದ್ದೀನಿ," ಎಂದಷ್ಟೇ ಹೇಳಿದಳು.

ಸೆಪ್ಟೆಂಬರಿನಲ್ಲಿ, ಬೆಟ್ಟ ಹತ್ತಿದ ಆರನೆಯ ದಿನ ಅವಳು ಎಡಹೆಗಲಿನಿಂದ ಒಂದೇ ಈಡಿಗೆ ಟಗರನ್ನು ಕೆಡವಿದಳು. ಕೋವಿಗೂ ಅವಳಿಗೂ ಏನೂ ಆಗಲಿಲ್ಲ. ಮಾಂಸದ ಒಂದು ಪಾಲು ಮಾರ್ಗಿಟ್ ಮನೆಗೆ ಹೋಯಿತು, ಎಮೆಟ್‌ನ ಮನೆಗೆ ಬರಲಿಲ್ಲ. ಸೆವೆರಿನ್‌ನ ಹೆಸರು ಊರಲ್ಲಿ ಚೊಕ್ಕವಾಯಿತು, ಕೇಳಲು ಅವನಿರಲಿಲ್ಲ. ಎಮೆಟ್ ತಂಗಿಯನ್ನು ಕಳೆದುಕೊಂಡ.