ಹಾಲಗಂಬದ ಡಿವಿಡಿ

ನಾನು ಸಿಡುಕ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹೆಂಡತಿ ಕಲ್ಯಾಣಮ್ಮ ಹೇಳುತ್ತಾಳೆ. ಆ ಸೋಮವಾರ ಬೆಳಿಗ್ಗೆ ಒಂದು ಡಿವಿಡಿ ಹಿಡಿದುಕೊಂಡು ಅಕ್ಕಲಕೋಟದ ಮೂರು ಅಂಗಡಿ ತಿರುಗಿ, ಮೂರರಲ್ಲೂ ಜಗಳ ಮಾಡಿ ಮನೆಗೆ ಬಂದಿದ್ದೆ. ಅದನ್ನು ಹಾಕಿ ತೋರಿಸುವ ಯಂತ್ರ ಯಾರ ಹತ್ತಿರವೂ ಇರಲಿಲ್ಲ. “ಈಗ ಯಾರ್ ನೋಡ್ತಾರ ಕಾಕಾ ಇವನ್ನ?” ಎಂದು ಕೊನೆಯವನು ಹಲ್ಲು ಕಿರಿದಿದ್ದ.

ನನಗೆ ಬೇಕಿತ್ತು. ಮರುದಿನ ಹನ್ನೊಂದಕ್ಕೆ ತಹಶೀಲ್ದಾರರ ಮುಂದೆ ನನ್ನ ಕೇಸಿನ ತಾರೀಖು. ನನ್ನ ಹೊಲಕ್ಕೆ ಹೋಗುವ ಗಾಡಿದಾರಿಗೆ ಪಕ್ಕದ ಹೊಲದ ಸಾತಲಿಂಗಪ್ಪ ತಂತಿಬೇಲಿ ಹಾಕಿದ್ದ. ಕಬ್ಬು ಕಡಿಯಲು ಬಂದು ನಿಂತಿದೆ, ಟ್ರ್ಯಾಕ್ಟರ್ ಒಳಗೆ ಹೋಗುವಂತಿಲ್ಲ. ನಮ್ಮಿಬ್ಬರ ಹೊಲಗಳ ನಡುವಿನ ಬದುವಿನ ಮೇಲೆ ಒಂದು ಬೇವಿನ ಗಿಡವಿದೆ. ಊರಿನಿಂದ ಹೋಗುವಾಗ ಗಿಡದ ಬಲಕ್ಕೆ ನನ್ನ ಹೊಲ, ಎಡಕ್ಕೆ ಅವನದು. ದಾರಿ ಇರುವುದು ಎಡಕ್ಕೆ. ನನ್ನ ಹೊಲದಾಗ ನಿಮಗ್ಯಾಕ ದಾರಿ ಎಂದು ಅವನ ವಾದ. ಅಜ್ಜನ ಕಾಲದಿಂದಲೂ ಇಲ್ಲೇ ಇದೆ ಎಂದು ನನ್ನದು. ಸರಕಾರಿ ನಕಾಶೆಯಲ್ಲಿ ದಾರಿಯೇ ಇಲ್ಲ. ಪುರಾವೆ ಇದ್ದರೆ ತನ್ನಿ ಎಂದಿದ್ದರು ಸಾಹೇಬರು.

ಪುರಾವೆ ಆ ಡಿವಿಡಿಯಲ್ಲಿತ್ತು. ಹದಿನೈದು ವರ್ಷದ ಹಿಂದೆ ಮಗಳು ಮನೀಷಾಳ ಮದುವೆಗೆ ಹಾಲಗಂಬ ತರಲು ಹೊಲಕ್ಕೆ ಹೋಗಿದ್ದೆವು. ಹಂದರಕ್ಕೆ ಮೊದಲು ನಿಲ್ಲಿಸುವ ಹಸಿ ಕಂಬ ಅದು. ಸ್ವಂತ ಹೊಲದ್ದೇ ಆಗಬೇಕು, ಎತ್ತಿನ ಗಾಡಿಯಲ್ಲೇ ಬರಬೇಕು, ಮುಂದೆ ಬಾಜಾ ಬಾರಿಸಬೇಕು. ಶೂಟಿಂಗಿನವನು ಗಾಡಿಯ ಹಿಂದೆ ಓಡಿ ಓಡಿ ಎಲ್ಲ ಹಿಡಿದಿದ್ದ. ಗಾಡಿ ಅದೇ ದಾರಿಯಲ್ಲಿ ಹೋದದ್ದು ಕಂಡರೆ ಸಾತಲಿಂಗಪ್ಪನ ಬಾಯಿ ಬಂದ್.

ಮನೆಯಲ್ಲಿ ಕೂತು ಎರಡು ಅಂಗಡಿಯವರನ್ನು ಬೈದು ಮುಗಿಸಿ ಮೂರನೆಯವನಿಗೆ ಬರುವಷ್ಟರಲ್ಲಿ ಸೊಸೆ ರೂಪಾಲಿ ಅಡುಗೆಮನೆಯಿಂದ ಬಂದು ನಿಂತಳು. ಸೊಲ್ಲಾಪುರದ ಹುಡುಗಿ, ಮನೆಗೆ ಬಂದು ಎಂಟು ತಿಂಗಳಾಗಿತ್ತು. ಮಗ ಶೈಲೇಶ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಗೋದಾಮಿಗೆ ಕೆಲಸಕ್ಕೆ ಹೋಗುತ್ತಾನೆ. ಮನೆಯಲ್ಲಿರುವ ಕಂಪ್ಯೂಟರ್ ಅವನದು. ಅದಕ್ಕೆ ಡಿವಿಡಿ ಹಾಕುವ ಜಾಗವೇ ಇಲ್ಲವೆಂದು ನಾನು ಆಗಲೇ ನೋಡಿ ಗೊಣಗಿದ್ದೆ.

“ಜಾಗ ಅದರಿ ಮಾವಾರ,” ಎಂದಳು. “ಮುಂದಿಂದು ಬರೇ ಮುಚ್ಚಳ. ತೆಗದ್ರ ಒಳಗ ಗೂಡು ಅದ. ಡ್ರೈವ್ ಒಂದು ತಂದು ಹಾಕ್ಬೇಕು, ಅಷ್ಟ.”

“ಯಾರ್ ಹಾಕೋರು?”

“ನಾ ಹಾಕ್ತೀನ್ರಿ.”

ನಾನು ನಕ್ಕೆ. ಮದುವೆಗೆ ಮುಂಚೆ ನಾಲ್ಕು ವರ್ಷ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿದ್ದಳು ಎಂದು ಬೀಗರು ಹೇಳಿದ್ದರು. ಬಿಲ್ ಬರೆಯುತ್ತಿದ್ದಿರಬೇಕು ಎಂದುಕೊಂಡಿದ್ದೆ. ಆಕೆ ಹನ್ನೊಂದರ ಎಸ್‌ಟಿ ಬಸ್ಸು ಹಿಡಿದು ತವರಿನ ಕಡೆಯ ಆ ಅಂಗಡಿಗೆ ಹೋಗಿ, ನಾಲ್ಕಕ್ಕೆಲ್ಲ ಇಟ್ಟಿಗೆಯಷ್ಟು ಉದ್ದಗಲದ ಒಂದು ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದಳು.

ಕೈಬಳೆ ಕಳಚಿ ಕಿಟಕಿಯಲ್ಲಿಟ್ಟಳು. ವೈರು ಕಿತ್ತಳು. ಕಂಪ್ಯೂಟರಿನ ಪಕ್ಕದ ತಗಡು ಸರಿಸಿ, ಒಳಗಿನ ಕಬ್ಬಿಣ ಒಮ್ಮೆ ಮುಟ್ಟಿ ಕೈ ತೆಗೆದಳು.

“ಶಾಕ್ ಹೊಡೀತದ, ಏ!” ನಾನು ಕೂಗಿದೆ.

“ಕರೆಂಟ್ ತೆಗ್ದೀನ್ರಿ. ನನ್ನ ಮೈಯಾಗಿಂದು ಅದಕ್ಕ ಹೊಡೀಬಾರ್ದಂತ ಮುಟ್ಟೀನಿ. ನೀವು ಥೋಡೆ ಆ ಬ್ಯಾಟ್ರಿ ಹಿಡೀರಿ.”

ಅಮೃತಪ್ಪ ಎಂಬ ನನ್ನ ಹೆಸರು ಕೇಳಿದರೆ ಊರಲ್ಲಿ ಜನ ಎದ್ದು ನಿಲ್ಲುತ್ತಾರೆ. ಆ ಅಮೃತಪ್ಪ ಸೊಸೆಗೆ ಬ್ಯಾಟರಿಯ ಬೆಳಕು ಹಿಡಿದು ಕುಕ್ಕರಗಾಲಲ್ಲಿ ಕೂತ. ಕಲ್ಯಾಣಮ್ಮ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡಳು.

ಮುಂದಿನ ಮುಚ್ಚಳವನ್ನು ಒಳಗಿನಿಂದ ಒತ್ತಿ ಬಿಡಿಸಿದಳು. ಡ್ರೈವನ್ನು ಮುಂದಿನಿಂದ ಗೂಡಿಗೆ ತಳ್ಳಿ, ಎರಡೂ ಮಗ್ಗಲು ಸ್ಕ್ರೂ ಬಿಗಿದಳು. ಅಗಲ ಬಾಯಿಯ ವೈರು ಕರೆಂಟಿನದು, ಕಿರಿದಾದದ್ದು ಚಿತ್ರ ಒಯ್ಯುವುದು ಎಂದು ನನಗೆ ಹೇಳುತ್ತಾ ಎರಡನ್ನೂ ಸಿಕ್ಕಿಸಿದಳು. ಒಂದು ಕಡೆಯೂ ಜೋರು ಮಾಡಲಿಲ್ಲ. ಹೆರಿಗೆ ಮಾಡಿಸಿ ಪಳಗಿದ ಸೂಲಗಿತ್ತಿಯ ಕೈ, ಬಿಡಿ.

ಕಂಪ್ಯೂಟರ್ ಹಚ್ಚಿ ಗುಂಡಿ ಒತ್ತಿದಾಗ ಡ್ರೈವ್ ಸರ್ರನೆ ಬಾಯಿ ತೆರೆಯಿತು. ಆದರೆ ಪರದೆಯ ಮೇಲೆ ಅದರ ಸುಳಿವೇ ಇಲ್ಲ. “ಆತು ತಗೋ, ಹಾಳಾತು!” ಎಂದೆ. ಹೊಲದ ಮೋಟಾರು ಕೆಟ್ಟರೆ ನಾನು ಸ್ಟಾರ್ಟರಿಗೆ ಎರಡು ಗುದ್ದುವವನು. ರೂಪಾಲಿ ಗುದ್ದಲಿಲ್ಲ, ಯೋಚಿಸಿದಳು.

“ಬಾಯಿ ತೆರೀತಂದ್ರ ಕರೆಂಟ್ ಬರಾಕತ್ತದ. ಕಂಪ್ಯೂಟರಿಗೆ ಕಾಣವಲ್ದು ಅಂದ್ರ ಎರಡನೇ ವೈರಿಂದ ತಪ್ಪು.” ಎಲ್ಲ ಆರಿಸಿ, ಆ ವೈರನ್ನು ಕಿತ್ತು ಬೇರೆ ಕಿಂಡಿಗೆ ಹಾಕಿದಳು. ಈ ಸಲ ಡ್ರೈವಿನ ಗುರುತು ಪರದೆಯ ಮೇಲೆ ಬಂದು ಕೂತಿತು.

ಭಲೇ ಎಂದು ಬಾಯಿ ತುದಿಗೆ ಬಂದಿತ್ತು, ನುಂಗಿದೆ.

ಡಿವಿಡಿಯ ತುಂಬ ಗೀರು. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿದಳು. ಸುತ್ತ ತಿಕ್ಕಿದರೆ ಗೀರು ಹೆಚ್ಚಾಗುತ್ತದಂತೆ. ತಟ್ಟೆಯ ಮೇಲಿಟ್ಟು ಒಳಗೆ ತಳ್ಳಿದಳು. ಗರ್ರೆಂದು ತಿರುಗಿತು, ತಡವರಿಸಿತು, ಆಮೇಲೆ ಬಾಜಾ ಕೇಳಿಸಿತು. ಅಯ್ಯ ಶಿವನೇ! ಹದಿನೈದು ವರ್ಷದ ಹಿಂದಿನ ನನ್ನ ಮನೆ, ನನ್ನ ಜನ, ಕರಿಮೀಸೆಯ ನಾನು. ಕಲ್ಯಾಣಮ್ಮನಿಗೆ ಕಣ್ಣೀರು ತಡೆಯಲಾಗಲಿಲ್ಲ.

ಹೊಲಕ್ಕೆ ಹೊರಟ ಗಾಡಿ ಬೇವಿನ ಗಿಡದ ಹತ್ತಿರ ಬಂತು. “ಅಗದೀ ಇಲ್ಲೇ! ನೋಡಕೋತ ಇರ್ರಿ!” ಎಂದು ನಾನು ಎದ್ದು ನಿಂತೆ.

ರೂಪಾಲಿ ಚಿತ್ರ ನಿಲ್ಲಿಸಿದಳು. ಹಿಂದಕ್ಕೆ ತಿರುಗಿಸಿ ಮತ್ತೆ ಬಿಟ್ಟಳು. ಮತ್ತೆ ನಿಲ್ಲಿಸಿದಳು.

“ಮಾವಾರ, ಗಾಡಿ ಗಿಡದ ಬಲಕ್ಕ ಹೊಂಟದ.”

“ತಲಿ ಕೆಟ್ಟದ ನಿಂದು!”

“ನೀವ ನೋಡ್ರಿ.”

ನೋಡಿದೆ. ಗಿಡದ ಬಲಕ್ಕೆ, ನನ್ನದೇ ಹೊಲದಲ್ಲಿ, ಗಾಲಿ ಹರಿದು ಗಟ್ಟಿಯಾದ ಹಳೆಯ ದಾರಿ. ಎಡಕ್ಕೆ ಸಾತಲಿಂಗಪ್ಪನವರ ಜೋಳ, ಬದುವಿನ ತನಕ ಒತ್ತಾಗಿ ನಿಂತಿದೆ.

ಆಗ ನೆನಪಾಯಿತು. ಮದುವೆಯ ಮರುವರ್ಷ ಹನಿ ನೀರಾವರಿಯ ಪೈಪು ಹಾಕಿಸುವಾಗ ಅಂಚು ನೇರ ಮಾಡುವೆನೆಂದು ಟ್ರ್ಯಾಕ್ಟರ್ ಹೊಡೆಸಿ ದಾರಿಯನ್ನೇ ಉತ್ತು ಕಬ್ಬು ಹಚ್ಚಿದ್ದೆ. ಅಂದಿನಿಂದ ಗಾಡಿಯನ್ನು ಗಿಡದ ಆಚೆ, ಅವರ ಹೊಲದಲ್ಲಿ ಹೊಡೆದೆ. ಸಾತಲಿಂಗಪ್ಪನ ಅಪ್ಪ ಸಂಭಾವಿತ, ಒಂದು ಮಾತೂ ಆಡಲಿಲ್ಲ. ಆ ಹಿರಿಯ ಈಗಿಲ್ಲ. ಸಾತಲಿಂಗಪ್ಪ ಆಗ ಸೊಲ್ಲಾಪುರದಲ್ಲಿ, ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ ಮಗ್ಗ ನಡೆಸುತ್ತಿದ್ದ, ಅವನಿಗೇನೂ ಗೊತ್ತಿಲ್ಲ. ವರ್ಷಗಟ್ಟಲೆ ಸುಳ್ಳು ಹೇಳಿ ಹೇಳಿ ನಾನೇ ಅದನ್ನು ನಂಬಿದ್ದೆ.

“ಬಂದ್ ಮಾಡು,” ಎಂದೆ. “ಯಾರಿಗೂ ಹೇಳಬ್ಯಾಡ. ಎಡಕ್ಕ ಹೋಗೋದು ನೋಡಿದವ್ರು ಊರಾಗ ಹತ್ತು ಮಂದಿ ಅದಾರ. ಅವ್ರ ಸಾಕ್ಷಿ ಸಾಕು.”

ಆಕೆ ಡಿವಿಡಿ ತೆಗೆದು, ಕವರಿನಲ್ಲಿ ಹಾಕಿ, ಎರಡೂ ಕೈಯಿಂದ ನನಗೆ ಕೊಟ್ಟಳು.

“ನಾ ಆಗಿ ಯಾರಿಗೂ ಹೇಳೂದಿಲ್ರಿ. ಆದ್ರ ಯಾರರೆ ಕೇಳಿದ್ರ, ಕಂಡದ್ದು ಹೇಳ್ತೀನಿ. ಸುಳ್ಳು ಹೇಳಾಕ ನನಗ ಬರೂದಿಲ್ಲ ಮಾವಾರ.”

ದನಿ ಏರಿಸಲಿಲ್ಲ, ಕಣ್ಣೂ ತಗ್ಗಿಸಲಿಲ್ಲ. ನಮ್ಮ ಮನೆಯಲ್ಲಿ ನನ್ನೆದುರು ಹೀಗೆ ಮಾತಾಡಿದವರಿಲ್ಲ. ಮೈ ಉರಿಯಿತು. ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತೆ. ಬೈಯಬೇಕೆಂದರೆ ಆಕೆ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬೆಳಿಗ್ಗೆ ನಕ್ಕದ್ದಕ್ಕೆ ಮಾತ್ರ ನಾಚಿಕೆಯಾಯಿತು.

ಮರುದಿನ ತಹಶೀಲ್ದಾರರ ಕಚೇರಿಯಲ್ಲಿ ನನ್ನ ಹೆಸರು ಕೂಗಿದರು. ಸಾತಲಿಂಗಪ್ಪ ಆಗಲೇ ಮುಖ ಗಂಟು ಹಾಕಿಕೊಂಡು ನಿಂತಿದ್ದ.

“ಪುರಾವೆ ತಂದೀರೇನು?” ಸಾಹೇಬರು ಕೇಳಿದರು.

“ತಂದೀನ್ರಿ.” ಡಿವಿಡಿ ಮೇಜಿನ ಮೇಲಿಟ್ಟೆ. “ದಾರಿ ನನ್ನ ಕಬ್ಬಿನ ಬುಡಕ್ಕದ. ನಾನ ಉತ್ತೀನಿ. ಸಾತಲಿಂಗಪ್ಪಂದು ಏನೂ ತಪ್ಪಿಲ್ಲ. ಕೇಸ್ ವಾಪಸ್ ತಗೋತೀನಿ, ಕಬ್ಬು ಕಡ್ದು ದಾರಿ ಬಿಡ್ತೀನಿ.”

ಸಾತಲಿಂಗಪ್ಪ ಬಾಯಿ ತೆರೆದು ನನ್ನನ್ನೇ ನೋಡಿದ. ಬರೆಯುತ್ತಿದ್ದ ಕ್ಲರ್ಕ್ ಪೆನ್ನು ಎತ್ತಿದ.

“ಇದನ್ನ ಯಾರ್ ತೋರಿಸಿದ್ರು ನಿಮಗ?” ಎಂದರು ಸಾಹೇಬರು.

“ನಮ್ಮ ಸೊಸಿರಿ. ರೂಪಾಲಿ. ಕಂಪ್ಯೂಟರ್ ಬಿಚ್ಚಿ, ತಾನ ಡ್ರೈವ್ ಕೂಡ್ಸಿ ತೋರಿಸ್ಯಾಳ.”

ತುಂಬಿದ ಕಚೇರಿಯಲ್ಲಿ ತಪ್ಪೊಪ್ಪಿಕೊಂಡು ನಿಂತವನಿಗೆ ತಲೆ ತಗ್ಗಬೇಕಿತ್ತು. ಆಕೆಯ ಹೆಸರು ಹೇಳುವಾಗ ಮಾತ್ರ ನನ್ನ ದನಿ ಎಷ್ಟು ಜೋರಾಗಿತ್ತೆಂದರೆ, ಹೊರಗೆ ಕೂತವರೂ ತಿರುಗಿ ನೋಡಿದರು.