ಗೌರಿಗೆ ಕುಡಿಸಿದ ಸಾರಾಯಿ

ಬಂಗಾರಪೇಟೆ ಸ್ಟೇಷನ್ ಮುಂದೆ ಆಟೋಗಳು ಇನ್ನೂ ಬೆರಳೆಣಿಕೆಯಷ್ಟಿದ್ದ ಕಾಲ. ಅಲ್ಲಿ ಜಟಕಾ ಓಡಿಸುತ್ತಿದ್ದ ಚಲಪತಿಯನ್ನು ಜನ ರೇಸಿನ ಚಲಪತಿ ಎಂದೇ ಕರೆಯುತ್ತಿದ್ದರು. ಕ್ಯಾಸಂಬಳ್ಳಿ ಕಡೆ ಕುದುರೆ ಪಂದ್ಯ ನಡೆದರೆ ಸುತ್ತಲಿನ ಊರಿನವರು ಕುದುರೆಯ ಬೆನ್ನೇರಿ ಓಡಿಸಲು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಗೆದ್ದು ಬಂದ ದಿನವಂತೂ ಅವನ ಮೀಸೆಗೆ ಮನೆಯ ಬಾಗಿಲು ಸಾಲುತ್ತಿರಲಿಲ್ಲ. ಒಂದು ಸಲ ತನ್ನ ಸ್ವಂತ ಕುದುರೆ ಗೌರಿಯನ್ನೇ ಪಂದ್ಯಕ್ಕೆ ಇಳಿಸುವವನಿದ್ದ.

ಪಂದ್ಯದ ಬೆಳಿಗ್ಗೆ ಹುಲ್ಲು ಹಾಕಲು ಹೋದ ಹೆಂಡತಿ ಕದಿರಮ್ಮ ಗಾಬರಿಯಾದಳು. ಗೌರಿ ಬಲ ಮುಂಗಾಲನ್ನು ನೆಲಕ್ಕೆ ಊರುತ್ತಲೇ ಇರಲಿಲ್ಲ.

"ಇಲ್ನೋಡಿ, ಕಾಲು ಊದ್ಕೊಂಡದೆ. ಮುಟ್ಟಿದ್ರೆ ಸುಡ್ತದೆ."

"ಓಡ್ತಾ ಓಡ್ತಾ ಸರಿಯೋಯ್ತದೆ ಬಿಡು," ಎಂದ ಚಲಪತಿ.

ಕದಿರಮ್ಮ ಬಿಡಲಿಲ್ಲ. ಪಕ್ಕದ ಮನೆಯ ಕುಪ್ಪುಸ್ವಾಮಿಯನ್ನು ಕರೆತಂದಳು. ಆತ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಕಾಲನ್ನು ಮೆಲ್ಲಗೆ ಒತ್ತಿ ನೋಡಿದ. ಗೌರಿ ನಡುಗಿತು.

"ಒಳಗೆ ಏಟು ಬಿದ್ದದೆ ಚಲಪತಿ. ಇವತ್ತು ಓಡಿಸ್ಬೇಡ. ಡಾಕ್ಟ್ರಿಗೆ ತೋರ್ಸು, ನಾನೂ ಬತ್ತೀನಿ."

"ಜನ ಏನಂತಾರಣ್ಣಾ? ಒಂದ್ ಬಾಟ್ಲು ಸಾರಾಯಿ ಕುಡ್ಸಿದ್ರೆ ಅದಕ್ಕೆ ನೋವೇ ಗೊತ್ತಾಗಲ್ಲ. ರೇಸಿನೋರೆಲ್ಲಾ ಮಾಡೋದೇ."

"ನೋವು ಗೊತ್ತಾಗ್ಬೇಕು ಕಣಪ್ಪಾ! ನೋವಿದ್ರೇನೇ ಅದು ಕಾಲು ಉಷಾರಾಗಿ ಇಡೋದು. ಮತ್ತಲ್ಲಿದ್ರೆ ಮುರಿಯೋ ತಂಕ ಓಡ್ತದೆ."

"ನೀನು ದನ ನೋಡ್ಕೊಳಣ್ಣಾ. ಕುದ್ರೆ ವಿಷ್ಯ ನಂಗೆ ಬಿಡು."

ಚಲಪತಿ ಗೌರಿಗೆ ಒಂದು ಬಾಟಲಿ ಸಾರಾಯಿ ಕುಡಿಸಿ ಪಂದ್ಯಕ್ಕೆ ಇಳಿಸಿದ. ಗೌರಿ ಗೆದ್ದಿತು. ಕೊನೆಯ ತಿರುವಿನಲ್ಲಿ ಅದು ಮುಗ್ಗರಿಸಿದ್ದು ಚಲಪತಿಗೆ ಗೊತ್ತಾಗಿತ್ತು. ಆದರೂ ಚಾಟಿ ಬೀಸಿದ. ಗೆರೆ ದಾಟಿದ ಕೂಡಲೇ ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಕೆಳಗಿಳಿದು ನೋಡಿದರೆ ಗೌರಿ ಮೂರೇ ಕಾಲಿನ ಮೇಲೆ ನಿಂತಿತ್ತು. ಬಲ ಮುಂಗಾಲು ಮುರಿದು ನೇತಾಡುತ್ತಿತ್ತು. ಪಾಪ, ಯಜಮಾನನ ದನಿ ಕೇಳಿ ಕಿವಿ ನಿಮಿರಿಸಿ ಅವನ ಕಡೆ ಬರಲು ಅದೇ ಕಾಲನ್ನು ಊರಿತು. ಅಲ್ಲೇ ಕುಸಿಯಿತು.

ಡಾಕ್ಟರು ಬಂದರು. ಈ ಕಾಲು ಇನ್ನು ಕೂಡುವುದಿಲ್ಲ, ನರಳದಂತೆ ಕಳಿಸಿಕೊಡುವುದೊಂದೇ ದಾರಿ ಎಂದರು. ಸೂಜಿ ಚುಚ್ಚುವಾಗ ಗೌರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಕದಿರಮ್ಮ. ಚಲಪತಿಗೆ ಹತ್ತಿರ ಬರಲು ಮುಖವಿರಲಿಲ್ಲ.

"ಬೆಳಿಗ್ಗೇನೇ ಹೇಳಿದ್ನಲ್ಲಾ," ಎಂದಳು ಅವಳು.

ಅವನು ಮತ್ತೆ ಪಂದ್ಯದ ಕುದುರೆ ಹತ್ತಲಿಲ್ಲ. ಆದರೆ ಪಂದ್ಯ ಎಲ್ಲೇ ನಡೆಯಲಿ, ಕುಪ್ಪುಸ್ವಾಮಿಯನ್ನು ಕರೆದುಕೊಂಡು ಹೋಗಿ ಸವಾರರಿಗೆ ಬುದ್ಧಿ ಹೇಳುತ್ತಿದ್ದ. ಒಮ್ಮೆ ಕಾಮಸಮುದ್ರದ ಸವಾರನೊಬ್ಬ ಕುಂಟುವ ಕುದುರೆ ಹಿಡಿದು ನಿಂತಿದ್ದ.

"ಇದೊಂದ್ಸಲ ಬುಟ್ಬುಡಣ್ಣಾ," ಎಂದು ಬೇಡಿದ.

"ನಾನೂ ಒಂದೇ ಸಲ ಕಣ್ಲಾ ಮಾಡಿದ್ದು," ಎಂದ ಚಲಪತಿ. ಆ ಸವಾರ ಕುದುರೆಯನ್ನು ಊರಿನ ಕಡೆ ತಿರುಗಿಸಿದ.

ಸವಾರರೇ, ಕುದುರೆ ಸಾಕಿದವರೇ, ಕುಂಟುವ ಕುದುರೆಯನ್ನು ಓಡಿಸಬೇಡಿ. ನೋವು ಮರೆಸಲು ಸಾರಾಯಿ ಕುಡಿಸಬೇಡಿ. ದನದ ಆಸ್ಪತ್ರೆಗೆ ತೋರಿಸಿ, ವಾಸಿಯಾಗುವವರೆಗೆ ಬಿಡುವು ಕೊಡಿ. ಇವತ್ತು ನನ್ನ ಕೈಲಾಗದು ಎಂದು ಹೇಳಲು ಅದಕ್ಕೆ ಬಾಯಿಲ್ಲ. ಅದರ ಪರವಾಗಿ ನೀವು ಹೇಳಿ.