ಮೇಲಿನಣ್ಣನ ಚಾನೆಲ್

ಒಂಬತ್ತು ವರ್ಷದ ಹಿಂದೆ ಮೇಲಿನಣ್ಣನಿಗೆ ಒಂದು ಮಾತು ಕೊಟ್ಟಿದ್ದೆ: ನಿನ್ನ ಕಿವಿಗೆ ನಿನ್ನ ಭಾವಮೈದನ ದನಿ ಬಿಟ್ಟು ಬೇರೆ ಯಾರದೂ ಬೀಳದ ಹಾಗೆ ನೋಡಿಕೊಳ್ಳುತ್ತೇನೆ.

ಮೇಲಿನಣ್ಣ ನಮ್ಮ ಉಕ್ಕಿನ ಯಾರ್ಡಿನ ಕ್ರೇನ್ ಚಾಲಕ. ದಿನವಿಡೀ ಎತ್ತರದ ಗಾಜಿನ ಗೂಡಿನಲ್ಲೇ ಇರುವವನಿಗೆ ಬೇರೆ ಹೆಸರು ಯಾಕೆ? ಕೆಳಗೆ ಕೊಕ್ಕೆ ಹಾಕುವವನು ಅವನ ಭಾವಮೈದ. ಗೂಡಿನಿಂದ ಅವನು ಕಾಣುವುದಿಲ್ಲ. ವಾಕಿಟಾಕಿಯಲ್ಲಿ ಅವನು ‘ಎತ್ತು’ ಅಂದರೆ ಎತ್ತಬೇಕು, ‘ಇಳಿಸು’ ಅಂದರೆ ಇಳಿಸಬೇಕು. ಹಳೆಯ ಸೆಟ್ಟುಗಳಲ್ಲಿ ಯಾರು ಬೇಕಾದರೂ ಗುಂಡಿ ಒತ್ತಿ ಚಾನೆಲ್ ಬದಲಾಯಿಸಬಹುದಿತ್ತು. ಬದಲಾಯಿಸಿ ಕ್ರೇನಿನ ಚಾನೆಲ್ಲಿಗೇ ಬಂದುಬಿಡುತ್ತಲೂ ಇದ್ದರು.

ಈ ವರ್ಷ ಅಂತೂ ಹೊಸವು ಕೊಳ್ಳುವ ಕಾಲ ಬಂತು. ಉಗ್ರಾಣ ನನ್ನದಾದ್ದರಿಂದ ಆರಿಸುವುದೂ ನನ್ನ ತಲೆಗೇ. ಮಾರುವವನು ಎರಡು ಬಗೆ ತಂದಿಟ್ಟ. ಒಂದಕ್ಕೆ ಮೈತುಂಬ ಗುಂಡಿ. ಇನ್ನೊಂದು ಬೋಳು, ಕಂಪ್ಯೂಟರಿಗೆ ವೈರು ಸಿಕ್ಕಿಸಿ ನಾವು ತುಂಬಿದ ಚಾನೆಲ್ ಬಿಟ್ಟು ಅದಕ್ಕೆ ಬೇರೇನೂ ಗೊತ್ತಿಲ್ಲ.

“ಗುಂಡಿ ಇರೋದೇ ತಗೊಳ್ಳಿ, ಯಾರು ಬೇಕಾದ್ರೂ ಸೆಟ್ ಮಾಡ್ಕೋಬಹುದು,” ಎಂದರು ಮ್ಯಾನೇಜರು.

“ಅದಕ್ಕೇ ಸರ್ ಬೇಡ ಅಂತಿರೋದು.”

“ಇದನ್ನ ಕೂತ್ಕೊಂಡು ತುಂಬೋರು ಯಾರು?”

“ನಾನೇ.”

ಬಾಗಿಲಲ್ಲಿ ನಿಂತಿದ್ದ ಮೇಲಿನಣ್ಣ ನಕ್ಕ. “ಮನೇಲಿ ಮೂರು ಮಕ್ಕಳ ಹೋಂವರ್ಕ್ ಸಾಲ್ದು ಅಂತ ಇದೂ ಒಂದಾ ತಂಗಿ?”

ಇಪ್ಪತ್ತು ಸೆಟ್ಟು. ಕ್ರೇನಿನ ಇಬ್ಬರಿಗೆ ಎರಡು, ಉಳಿದವು ತೂಕದ ಕೋಣೆಗೆ, ಗೇಟಿಗೆ. ಕಂಪ್ಯೂಟರಿನಲ್ಲಿ ಕ್ರೇನಿನ ಚಾನೆಲ್ಲಿಗೊಂದು ಫೈಲು, ಉಳಿದವರ ಚಾನೆಲ್ಲಿಗೊಂದು. ಹದಿನಾರು ಮುಗಿಯುವ ಹೊತ್ತಿಗೆ ಶಾಲೆಯಿಂದ ಫೋನು: ಚಿಕ್ಕವಳಿಗೆ ಮತ್ತೆ ಜ್ವರ, ಕರೆದುಕೊಂಡು ಹೋಗಿ. ಹಿಂದಿನ ಎರಡು ರಾತ್ರಿಯೂ ಅವಳ ಹಣೆಗೆ ಬಟ್ಟೆ ಹಾಕುತ್ತಲೇ ಬೆಳಗು ಮಾಡಿದ್ದೆ. ಕ್ರೇನಿನ ಎರಡು ಸೆಟ್ ತುಂಬಿದೆ. ಫೈಲು ಬದಲಿಸದೆ, ಗೇಟಿಗೆ ಉಳಿದಿದ್ದ ಎರಡನ್ನೂ ಅದರಿಂದಲೇ ತುಂಬಿಬಿಟ್ಟೆ. ಆಮೇಲೆ ಆ ಎರಡನ್ನೇ ಕೈಗೆ ತೆಗೆದುಕೊಂಡು ಒಂದರಲ್ಲಿ ಹಲೋ ಅಂದೆ, ಇನ್ನೊಂದರಲ್ಲಿ ಕೇಳಿಸಿತು. ಸರಿ ಇದೆ ಅಂದುಕೊಂಡೆ. ಎರಡಕ್ಕೂ ಒಂದೇ ತಪ್ಪು ಹೊಕ್ಕಿದ್ದರೆ ಅವೆರಡೂ ಚೆನ್ನಾಗಿಯೇ ಮಾತಾಡಿಕೊಳ್ಳುತ್ತವೆ ಎಂದು ಹೊಳೆಯಲಿಲ್ಲ. ಪರ್ಸು ಎತ್ತಿಕೊಂಡು ಓಡಿದೆ.

ಮರುದಿನ ಬೆಳಿಗ್ಗೆ ಗೇಟಿನವನೊಬ್ಬ, ಲಾರಿಯ ಹಿಂಬಾಗಿಲು ಇಳಿಸಲೆಂದು ಅದರ ಪಕ್ಕ ನಿಂತ ಜೊತೆಗಾರನಿಗೆ ಸೆಟ್ಟಿನಲ್ಲಿ “ಇಳಿಸು, ಇಳಿಸು” ಅಂದ. ಮೇಲಿನಣ್ಣ ಕೊಕ್ಕೆಯಲ್ಲಿದ್ದ ಉಕ್ಕಿನ ತೊಲೆ ಇಳಿಸಿದ.

ಭಾವಮೈದ ಕೈ ಎಳೆದುಕೊಂಡ. ಕೈ ಬಂತು, ಕೈಗವಸು ತೊಲೆಯಡಿಯಲ್ಲೇ ಉಳಿಯಿತು.

ಮೇಲಿನಣ್ಣ ಏಣಿ ಇಳಿದು ನೇರ ಉಗ್ರಾಣಕ್ಕೆ ಬಂದ. ಬೈಯುತ್ತಾನೆಂದುಕೊಂಡಿದ್ದೆ, ಬೈಯಲಿಲ್ಲ.

“ದನಿ ಬೇರೆ ಥರ ಇತ್ತು ತಂಗಿ. ಹೊಸ ಸೆಟ್ಟಲ್ಲಿ ಇವನ ದನಿ ಹೀಗೇ ಕೇಳ್ಸುತ್ತೇನೋ ಅಂದ್ಕೊಂಡೆ. ಬೇರೆ ಯಾರೂ ಬರಲ್ಲ ಅಂತ ನೀನು ಹೇಳಿದ್ಯಲ್ಲ.”

ಗೇಟಿನ ಎರಡೂ ಸೆಟ್ ತರಿಸಿ ವೈರು ಸಿಕ್ಕಿಸಿದೆ. ಎರಡರಲ್ಲೂ ಇದ್ದದ್ದು ಕ್ರೇನಿನ ಚಾನೆಲ್ಲೇ. ಅವನು ನಿಂತೇ ನೋಡಿದ.

ಕೊಟ್ಟ ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ.